ನಲವತ್ತೊಂಬತ್ತು ಪರ್ಸೆಂಟಿನ ಯಜಮಾನ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6:10

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಹನ್ನೊಂದು ವರ್ಷ ಈ ಮನೆಯ ಸೇವೆ ಸಲ್ಲಿಸಿದ ನಮ್ಮ ಸ್ಟೇಪ್ಲರ್ ಇಂದು ಮುಂಜಾನೆ ಕರ್ತವ್ಯದಲ್ಲಿರುವಾಗಲೇ ತೀರಿಕೊಂಡಿತು. ಕೊನೆಯ ಪಿನ್ನು ಲೀಸ್ ಅಗ್ರಿಮೆಂಟಿನ ಅರ್ಧದವರೆಗೆ ಹೋಗಿ ಅಲ್ಲೇ ಬಾಗಿ ಮಲಗಿತು. ಅಂತ್ಯಕ್ರಿಯೆ ಮರುಬಳಕೆಯ ಬ್ಲೂ ಬಿನ್ನಿನಲ್ಲೋ ಕಸದ ಕಪ್ಪು ಚೀಲದಲ್ಲೋ ಎಂಬ ಬಗ್ಗೆ ಮನೆಯಲ್ಲಿ ಒಮ್ಮತವಿಲ್ಲ.

ಸಮಸ್ತರು ಎಂದರೆ ನಾನು. ಫ್ರಿಜ್ಜಿನ ಮೇಲಿರುವ ಈ ನೋಟ್‌ಬುಕ್ಕಿಗೆ ಬೇರೆ ಓದುಗರಿಲ್ಲ.

ಸಾವಿಗೆ ಕಾರಣ: ಸರ್ಟಿಫಿಕೇಶನ್. ವುಡ್‌ಬ್ರಿಡ್ಜಿನ ಇಂಡಸ್ಟ್ರಿಯಲ್ ಯೂನಿಟ್ಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡುವ ನಮ್ಮ 'ತೃಪ್ತಿ ಫುಡ್ಸ್' ಮಹಿಳಾ ಒಡೆತನದ ಕಂಪನಿ ಎಂದು ಒಂದು ಕೌನ್ಸಿಲ್ ಬರೆದುಕೊಡಬೇಕು. ಮೈನಾರಿಟಿ ಲೆಕ್ಕದ ಸರ್ಟಿಫಿಕೇಟ್ ಆಗಿದ್ದರೆ ನಾನೂ ಎದೆ ಉಬ್ಬಿಸಿ ನಿಲ್ಲಬಹುದಿತ್ತು. ಆದರೆ ಹನ್ನೊಂದು ಆಫೀಸು ಕಟ್ಟಡಗಳ ಕ್ಯಾಂಟೀನ್ ನಡೆಸುವ ಕೇಟರಿಂಗ್ ಕಂಪನಿಗೆ ಈ ವರ್ಷ ಬೇಕಿರುವುದು ಮಹಿಳೆಯರೇ. ವಾರಕ್ಕೆ ಎರಡು ಸಾವಿರ ರೊಟ್ಟಿ. ಅವರ ಸಪ್ಲೈಯರ್‌ಗಳ ಪಟ್ಟಿ ಏಪ್ರಿಲ್ 30ಕ್ಕೆ ಬಂದ್.

ಆ ಆರ್ಡರ್ ಬಂದರೆ ಯೂನಿಟ್ಟು ಉಳಿಯುತ್ತದೆ. ಬರದಿದ್ದರೆ ಜೂನ್ ಕೊನೆಗೆ ಲೀಸು ಮುಗಿದಾಗ ಬೀಗದ ಕೈ ವಾಪಸ್. ಆರು ವರ್ಷ ನನ್ನ ಹೆಂಡತಿ ಅರುಂಧತಿ ಕಟ್ಟಿದ್ದು ಮತ್ತೆ ಮನೆಯ ಬೇಸ್‌ಮೆಂಟಿಗೆ. ಅವಳು ಇದನ್ನು ಬಾಯಿಬಿಟ್ಟು ಹೇಳಿಲ್ಲ. ಹೇಳುವವಳೂ ಅಲ್ಲ.

ಮಾರ್ಚ್ 6, ಗುರುವಾರ

ಫಾರ್ಮಿನ ಪ್ರಶ್ನೆ: ಕಂಪನಿಯಲ್ಲಿ ಮಹಿಳೆಯ ಪಾಲು ಎಷ್ಟು? ಐವತ್ತೊಂದು. ಮಿಕ್ಕ ನಲವತ್ತೊಂಬತ್ತು ಈ ಬಡಪಾಯಿಯದು.

ಆರು ವರ್ಷದ ಹಿಂದೆ ವಕೀಲರ ಮುಂದೆ ಕೂತಾಗ ಅರ್ಧ ಅರ್ಧ ಅಂದುಕೊಂಡಿದ್ದೆ. ಅರುಂಧತಿ ಪೆನ್ನು ತೆಗೆದುಕೊಂಡು, "ಒಂದ ನನ್ನ ಕಡೆ ಇರಲಿ ಬಿಡ್ರಿ" ಅಂದಳು. ಎಲೆಗೆ ಇನ್ನೊಂದು ಮೆಣಸಿನಕಾಯಿ ಹಾಕಿ ಅನ್ನುವ ಧಾಟಿಯಲ್ಲಿ. ಆ ಒಂದರ ಮೇಲೆ ಈಗ ಇಡೀ ಕಂಪನಿ ನಿಂತಿದೆ.

ಮುಂದಿನ ಪ್ರಶ್ನೆ: ಅಂತಿಮ ನಿರ್ಧಾರ ಯಾರದು? ಪಕ್ಕದಲ್ಲಿ ಕೂತು ಟೈಪ್ ಮಾಡುತ್ತಿದ್ದ ಮಗಳು ತೃಪ್ತಿ ನನ್ನ ಮುಖ ನೋಡಿ ನಕ್ಕಳು. ಇಲ್ಲಿ ಹುಟ್ಟಿದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ನಗುವುದು ಇಂಗ್ಲಿಷಿನಲ್ಲಿ.

ಮಾರ್ಚ್ 15, ಶನಿವಾರ

ವ್ಯಾನ್ ಓಡಿಸಲು ಯೂನಿಟ್ಟಿಗೆ ಹೋದೆ. ವಾರವಿಡೀ ಪಿಕರಿಂಗಿನ ಅಣುಸ್ಥಾವರದಲ್ಲಿ ಶೆಡ್ಯೂಲ್ ಬರೆಯುವವನು, ಶನಿವಾರ ಮಾತ್ರ ರೊಟ್ಟಿ ಸಾಗಿಸುವವನು. ಒಳಗೆ ಹೊಸ ಹಿಟ್ಟಿನ ಗಿರಣಿ ನಿಂತಿತ್ತು. ಅದರದೂ ನನ್ನದೂ ಪರಿಚಯ ಅಲ್ಲೇ ಆಯಿತು.

"ಇದು ಯಾವಾಗ ಬಂತು?"

"ಮಂಗಳವಾರ," ಎಂದಳು ಅರುಂಧತಿ. "ಹಳೇ ಹಿಟ್ಟಿಗೆ ಜಿಗಿ ಇರೂದಿಲ್ಲ. ರೊಟ್ಟಿ ಅಂಚಿಗೆ ಸೀಳತಾವ. ಸರೀರಿ, ದಾರಿ ಬಿಡ್ರಿ."

ರೊಟ್ಟಿ ಬಡಿಯುತ್ತಿದ್ದ ಪಾರ್ವತೆವ್ವ ಕೈ ನಿಲ್ಲಿಸಲಿಲ್ಲ. ಹುಬ್ಬಳ್ಳಿಯವರು, ಅರವತ್ತಾರು ವರ್ಷ. ಮಗನ ಮನೆಯಲ್ಲಿ ಸುಮ್ಮನೆ ಕೂರಲಾರೆ ಎಂದು ವಾರಕ್ಕೆ ನಾಲ್ಕು ದಿನ ಇಲ್ಲಿ. "ತಮ್ಮಾ, ನಿನಗ ಹೇಳಿಲ್ಲಂದ್ರ ಏನಾತು? ಗಿರಣಿಗಿ ಹೇಳ್ಯಾರ. ಬಂದೈತಿ ನೋಡು."

ಹೊರಗೆ ಪ್ಯಾಕೇಜಿಂಗ್ ಕಂಪನಿಯ ಸೇಲ್ಸ್‌ಮನ್ ಟೋನಿ ಸಿಕ್ಕ. ಕೈ ಚಾಚಿದೆ. ಅವನು ಕೈ ನೋಡಿದ, ನನ್ನ ಮುಖ ನೋಡಿದ. "ಸೋ, ಯು ಆರ್ ದ ಹಸ್ಬೆಂಡ್," ಎಂದ, ಯಾವುದೋ ಹಳೆಯ ಸಾಲ ನೆನಪಾದವನಂತೆ. ಕಾರು ಹತ್ತಿ ಹೋಗಿಬಿಟ್ಟ. ಈ ಮನುಷ್ಯನಿಗೆ ನಾನು ಏನು ಮಾಡಿದ್ದೇನೆ?

ಈ ನೋಟ್‌ಬುಕ್ಕಿನ ಹಿಂದಿನ ಪುಟದ ಮೂಲೆಯಲ್ಲಿ ಬಿಳಿ ಕಲೆ. ಹಿಟ್ಟು. ಯೂನಿಟ್ಟಿನಿಂದ ಬಂದು ನಾನೇ ಮುಟ್ಟಿರಬೇಕು.

ಮಾರ್ಚ್ 19, ಬುಧವಾರ

ಕೌನ್ಸಿಲಿನಿಂದ ಸೈಟ್ ವಿಸಿಟ್. ಬಂದವರು ಫಿಯೋನಾ. ಐವತ್ತರ ಆಸುಪಾಸು, ಚಪ್ಪಟೆ ಬೂಟು, ಎಲ್ಲವನ್ನೂ ಎರಡು ಸಲ ನೋಡುವ ಕಣ್ಣು.

ನಾನು ರಜೆ ಹಾಕಿ ಹೋಗಿದ್ದೆ. ತೃಪ್ತಿ ನಿನ್ನೆಯೇ ತಾಕೀತು ಮಾಡಿದ್ದಳು: "ಅಪ್ಪಾ, ಪ್ಲೀಸ್. ಜಸ್ಟ್ ಡೋಂಟ್ ಟಾಕ್." ಮಾತಾಡಲಿಲ್ಲ. ಎರಡು ಗಂಟೆ, ಹನ್ನೆರಡು ನಿಮಿಷ. ದಾಖಲೆಗಿರಲಿ.

ಅರುಂಧತಿ ಗಿರಣಿ ತೋರಿಸಿದಳು, ಬಿಸಿನೀರಲ್ಲಿ ಹಿಟ್ಟು ಕಲಸುವುದು ತೋರಿಸಿದಳು, ಯಾರನ್ನು ಯಾವಾಗ ಕೆಲಸಕ್ಕೆ ತೆಗೆದುಕೊಂಡೆ, ಬ್ಯಾಂಕಿನಲ್ಲಿ ಸಹಿ ಯಾರದು, ಎಲ್ಲ ಹೇಳಿದಳು. ಗಟ್ಟಿ ದನಿಯಲ್ಲಿ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಹೊತ್ತು ತನ್ನ ಬಗ್ಗೆ ಮಾತಾಡಿದ್ದು ನಾನು ಕೇಳಿರಲಿಲ್ಲ.

ಪಾರ್ವತೆವ್ವ ರೊಟ್ಟಿಗೆ ಎಣ್ಣೆಗಾಯಿ ಹಚ್ಚಿ ಕೊಟ್ಟರು. ಫಿಯೋನಾ, ನಿಯಮದ ಪ್ರಕಾರ ತಾವು ಏನನ್ನೂ ತೆಗೆದುಕೊಳ್ಳುವಂತಿಲ್ಲ ಎಂದರು. ತೃಪ್ತಿ ಅನುವಾದಿಸಿದಳು. ಪಾರ್ವತೆವ್ವ ಕರುಣೆಯಿಂದ ನೋಡಿದರು. "ಪಾಪ, ಹೊಟ್ಟೀಗೂ ರೂಲ್ ಹಾಕ್ಯಾರ." ಡಬ್ಬಿಗೆ ತುಂಬಿ ಕಾರಿನ ಬಾನೆಟ್ಟಿನ ಮೇಲಿಟ್ಟು ಬಂದರು. ಫಿಯೋನಾ ಹೋಗುವಾಗ ಡಬ್ಬಿಯನ್ನು ನಮ್ಮ ಬಾಗಿಲ ಬಳಿ ಇಟ್ಟುಹೋದರು. ಖಾಲಿಯಾಗಿತ್ತೆಂದು ಬರೆಯಲು ಆಸೆ. ಆಗಿರಲಿಲ್ಲ.

ಹೊರಡುವ ಮುನ್ನ ಕೇಳಿದ್ದು ಒಂದೇ. ಸಪ್ಲೈಯರ್‌ಗಳ ಜೊತೆಗಿನ ಆರು ತಿಂಗಳ ಈಮೇಲುಗಳು.

"ಅಷ್ಟೇನಾ?" ಎಂದಳು ಅರುಂಧತಿ. ಅಂದೇ ಕಳಿಸಿದಳು.

ಏಪ್ರಿಲ್ 1, ಮಂಗಳವಾರ

ಯುಗಾದಿಯ ಬೇವು ಎರಡು ದಿನ ತಡವಾಗಿ ತಲುಪಿತು. ಬೆಲ್ಲ ಜೊತೆಗಿರಲಿಲ್ಲ.

ಕೌನ್ಸಿಲಿನ ಪತ್ರ. ಒಡೆತನ ಸರಿಯಿದೆ. ಪರಿಣತಿ ಸರಿಯಿದೆ. ಆದರೆ ನಿರ್ಧಾರದ ಹಿಡಿತ ಅರ್ಜಿದಾರಳ ಕೈಯಲ್ಲಿದೆ ಎಂಬುದು ಸಾಬೀತಾಗಿಲ್ಲ. ಆರು ತಿಂಗಳ ಈಮೇಲುಗಳಲ್ಲಿ ನಲವತ್ತೊಂದು ಕಡೆ ಅರ್ಜಿದಾರಳು ಬರೆದಿದ್ದಾಳೆ: "ನನ್ನ ಗಂಡನನ್ನು ಕೇಳಿ ಹೇಳುತ್ತೇನೆ." ಏಪ್ರಿಲ್ 15ರೊಳಗೆ ಸಮಜಾಯಿಷಿ ಕೊಡಬೇಕು.

ಮೂರು ಸಲ ಓದಿದೆ. ಆಮೇಲೆ ಹೆಂಡತಿಯನ್ನು ನೋಡಿದೆ.

"ನಲವತ್ತೊಂದು ಸಲ?"

"ಅಷ್ಟ್ ಆಗ್ಯಾವೇನು." ಅವಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು. "ಅದು ಹೇಳೂ ರೀತಿ ರೀ. ಸೀದಾ ಒಲ್ಲೆ ಅಂದ್ರ ಮಂದಿ ಬೇಜಾರ ಮಾಡ್ಕೋತಾರ. ಮನಿಯವರನ್ನ ಕೇಳಿ ಹೇಳ್ತೇನಿ ಅಂದ್ರ ಅವರಿಗೇ ತಿಳೀತೈತಿ, ಬ್ಯಾಡ ಅಂತ. ನಮ್ಮವ್ವ ಬಳಿಗಾರಗೂ ಹಂಗ ಅಂತಿದ್ಲು, ವಿಮಾದಾವರಿಗೂ ಹಂಗ ಅಂತಿದ್ಲು."

"ಮತ್ತ ನನ್ನ ಕೇಳಿದ್ದು ಎಷ್ಟು ಸಲ?"

"ಕೇಳೂದೇನೈತಿ ಅದರಾಗ?"

ಪಾರ್ವತೆವ್ವ ಫೋನಿನ ಸ್ಪೀಕರಿನಲ್ಲಿದ್ದರು. ನಾಳಿನ ಜೋಳದ ವಿಷಯಕ್ಕೆ ಮಾಡಿದ ಕರೆ. "ನಮ್ಮನಿಯವರು ತೀರಿ ಹೋಗಿ ಹನ್ನೆರಡು ವರ್ಷಾತು," ಎಂದರು. "ನಾ ಈಗೂ ಅವರನ್ನ ಕೇಳಿ ಹೇಳ್ತೇನಿ ಅಂತೇನಿ. ಒಬ್ಬರೂ ತಿರುಗಿ ಬಂದು ಏನಂದ್ರು ಅಂತ ಕೇಳಿಲ್ಲ."

ಟೋನಿಯ ಮುಖ ನೆನಪಾಯಿತು. ನಲವತ್ತೊಂದು ಸಲ ಜಗತ್ತು ನನ್ನ ಅಭಿಪ್ರಾಯಕ್ಕೆ ಕಾದಿದೆ. ನಲವತ್ತೊಂದು ಸಲವೂ ನಾನು ಬೇಡವೆಂದಿದ್ದೇನೆ. ವುಡ್‌ಬ್ರಿಡ್ಜಿನಿಂದ ಪಿಕರಿಂಗಿನವರೆಗೆ ಡಬ್ಬಿ, ಚೀಲ, ಎಣ್ಣೆ ಮಾರುವವರ ಪಾಲಿಗೆ ನಾನೊಬ್ಬ ಕಲ್ಲುಮನಸ್ಸಿನ ದುಷ್ಟ. ನನಗೆ ಮಾತ್ರ ಗೊತ್ತಿರಲಿಲ್ಲ.

ನಗು ಬಂತು. ಅವಳು ನಗಲಿಲ್ಲ. ಪತ್ರವನ್ನು ಸಣ್ಣಗೆ ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದಳು.

ಏಪ್ರಿಲ್ 3, ಗುರುವಾರ

ಪತ್ರವೊಂದನ್ನು ಬರೆದೆ. "ಮಾನ್ಯರೇ, ನಾನು ಸದರಿ ಕಂಪನಿಯಲ್ಲಿ ಯಾವುದನ್ನೂ ನಿರ್ಧರಿಸುವುದಿಲ್ಲವೆಂದು ಪ್ರಮಾಣ ಮಾಡಿ ಹೇಳುತ್ತೇನೆ." ಭಾಷೆ ಗಂಭೀರವಾಗಿತ್ತು, ಇಂಗ್ಲಿಷ್ ಶುದ್ಧವಾಗಿತ್ತು. ನನ್ನ ಜೀವಮಾನದ ಶ್ರೇಷ್ಠ ಬರಹ.

ಫಿಯೋನಾ ಫೋನ್ ಮಾಡಿದರು. ಬಹಳ ಸೌಮ್ಯವಾಗಿ ಹೇಳಿದರು: ಹೆಂಡತಿಯೇ ಎಲ್ಲ ನಿರ್ಧರಿಸುತ್ತಾಳೆ ಎಂದು ಗಂಡ ಬರೆದುಕೊಟ್ಟರೆ, ಅದನ್ನೂ ಗಂಡನೇ ನಿರ್ಧರಿಸಿದಂತೆ ಕಾಣುತ್ತದೆ. ಈಗ ಬರೆದದ್ದು ಬೇಡ. ಆಯಾ ಹೊತ್ತಿಗೇ ಬರೆದಿಟ್ಟ ಏನಾದರೂ ದಾಖಲೆ ಇದ್ದರೆ ನೋಡೋಣ.

ನಾನು ನಿಷ್ಪ್ರಯೋಜಕ ಎಂಬುದಕ್ಕೆ ಆಗಿಂದಾಗಲೇ ದಾಖಲೆ ಇಟ್ಟವರು ಯಾರಿದ್ದಾರೆ?

ಏಪ್ರಿಲ್ 5, ಶನಿವಾರ. ಮಧ್ಯಾಹ್ನ

ಇದ್ದಾರೆ.

ಊಟಕ್ಕೆ ಕೂತಿದ್ದೆವು. ಅರುಂಧತಿ ತಟ್ಟೆ ನೋಡುತ್ತಾ, "ನಿಮ್ಮ ನೋಟ್‌ಬುಕ್ಕಿನಾಗ ಎಲ್ಲಾ ಐತೆಲ್ಲ," ಎಂದಳು.

"ಯಾವ ನೋಟ್‌ಬುಕ್?"

"ಫ್ರಿಜ್ಜಿನ ಮ್ಯಾಲಿಂದು. ಫ್ರೀಜರ್ ಬಂದದ್ದು ಬರದೀರಿ, ಗಿರಣಿ ಬಂದದ್ದು ಬರದೀರಿ."

ತೃಪ್ತಿ ನೀರಿನ ಲೋಟವನ್ನು ಬಾಯಿಗಿಟ್ಟುಕೊಂಡು ಕುಡಿಯದೆ ಕೂತಳು.

"ಎಷ್ಟು ದಿನದಿಂದ ಓದಾಕತ್ತಿ?"

"ದಿನಾ ಏನಲ್ಲ." ಅವಳಿಗೆ ನಾಚಿ ಕೆಂಪಾಗಲೂ ಬರುತ್ತದೆ ಎಂದು ಇಷ್ಟು ವರ್ಷದ ಮೇಲೆ ತಿಳಿಯಿತು. "ರೊಟ್ಟಿ ಕಾಯೂವಾಗ ಒಂದೊಂದು ಪುಟ."

ಆ ಬಿಳಿ ಕಲೆಗಳು. ಹಿಂದಿನ ಮೂರು ನೋಟ್‌ಬುಕ್ಕುಗಳಲ್ಲಿ ಹುಡುಕಿದೆ. ಎಲ್ಲದರಲ್ಲೂ ಇವೆ. ನನಗೆ ಓದುಗರಿದ್ದರು. ಒಬ್ಬ ಓದುಗಿ, ವರ್ಷಗಟ್ಟಲೆ, ಒಂದು ಮಾತೂ ಆಡದೆ.

ಏಪ್ರಿಲ್ 6, ಭಾನುವಾರ

ಡೈನಿಂಗ್ ಟೇಬಲ್ಲಿನ ಮೇಲೆ ಒಂದು ಕಡೆ ನಲವತ್ತೊಂದು ಈಮೇಲು, ಇನ್ನೊಂದು ಕಡೆ ನನ್ನ ಬಾಳು. ತೃಪ್ತಿ ತಾರೀಖು ಓದುವುದು, ನಾನು ಪುಟ ತೆಗೆಯುವುದು.

"ನವೆಂಬರ್ ಫೋರ್ಟೀನ್. ಫ್ರೀಜರ್ ಕಂಪನಿಗೆ ಅಮ್ಮ ಬರೆದದ್ದು, ವಿಲ್ ಆಸ್ಕ್ ಮೈ ಹಸ್ಬೆಂಡ್."

ಅದೇ ದಿನ ನನ್ನ ಬರಹ: 'ಜೋರು ಗಾಳಿ. ವ್ಯಾನಿನ ವೈಪರ್ ಬದಲಿಸಿದೆ.' ಎಂಟು ದಿನದ ಮೇಲೆ: 'ಹೊಸ ಫ್ರೀಜರ್ ಬಂದಿದೆ, ಬೇರೆ ಕಂಪನಿಯದು. ನನಗೆ ಗೊತ್ತಾದದ್ದು ಫ್ರೀಜರಿನಿಂದಲೇ.'

"ದಿಸ್ ಇಸ್ ಸೋ ಸ್ಯಾಡ್," ಎಂದಳು ಮಗಳು, ಕಣ್ಣೀರು ಬರುವಷ್ಟು ನಗುತ್ತಾ. "ಅಂಡ್ ಸೋ ಗುಡ್."

ನಲವತ್ತು ತಾರೀಖುಗಳಲ್ಲಿ ಒಂದರಲ್ಲೂ ನನ್ನನ್ನು ಯಾರೂ ಏನೂ ಕೇಳಿದ ಉಲ್ಲೇಖವಿಲ್ಲ. ಉಳಿದ ಒಂದು ಅಕ್ಟೋಬರ್ 22ರದು. ಬೆಳಿಗ್ಗೆ 11:40ಕ್ಕೆ ಟೋನಿಗೆ: "ನನ್ನ ಗಂಡ ಇಲ್ಲೇ ಇದ್ದಾರೆ. ಯೋಚಿಸುತ್ತಿದ್ದಾರೆ. ಈಗ ತೊಂದರೆ ಕೊಡುವಂತಿಲ್ಲ, ಅವರನ್ನು ಕೇಳಿ ಹೇಳುತ್ತೇನೆ."

ಅಂದಿನ ಪುಟ ಖಾಲಿ. ಮಾರನೆಯ ದಿನದ್ದು: 'ನಿನ್ನೆ ಪಿತ್ತಕೋಶ ತೆಗೆದರು. ಹತ್ತೂವರೆಗೆ ಮೂಗಿಗೆ ಏನೋ ಹಿಡಿದರು. ಆಮೇಲೆ ಮಧ್ಯಾಹ್ನ ಒಂದರವರೆಗೆ ಈ ಲೋಕದ ವ್ಯವಹಾರ ನನಗೆ ತಿಳಿಯದು.'

ಆಸ್ಪತ್ರೆಯ ಡಿಸ್ಚಾರ್ಜ್ ಕಾಗದವೂ ಇದೆ. ನಾನು ಪ್ರಜ್ಞೆಯಿಲ್ಲದೆ ಮಲಗಿ ಪ್ಯಾಕೇಜಿಂಗ್ ಬಗ್ಗೆ ಯೋಚಿಸುತ್ತಿದ್ದೆ. ಇದಕ್ಕಿಂತ ಗಟ್ಟಿ ಸಾಕ್ಷಿ ಯಾವ ಕೋರ್ಟಿಗೆ ಬೇಕು?

ತೃಪ್ತಿ ಎದ್ದು ಹೋದಮೇಲೆ ಕೇಳಿದೆ. "ವೇಟಿಂಗ್ ರೂಮಿನಾಗ ಕುಂತು ಈಮೇಲ್ ಬರೀತಿದ್ದೆ?"

"ನಾಕು ಬರದೆ." ಅವಳು ಹಾಳೆಗಳನ್ನು ಜೋಡಿಸುತ್ತಿದ್ದಳು. ಜೋಡಿಸಿದ್ದನ್ನೇ ಮತ್ತೆ ಜೋಡಿಸಿದಳು. "ಸುಮ್ಮ ಕುಂದ್ರಾಕ ಆಗಲಿಲ್ಲ. ಏನರ ಮಾಡಬೇಕಿತ್ತಲ್ಲ."

ನಾನು ಹೊಸ ಸ್ಟೇಪ್ಲರ್ ಹುಡುಕಲು ಹೋದೆ. ಹೊಸ ಸ್ಟೇಪ್ಲರ್ ನಾವು ಇನ್ನೂ ಕೊಂಡಿಲ್ಲ.

ಏಪ್ರಿಲ್ 9, ಬುಧವಾರ

ಮಗಳ ಅನುವಾದ ಸಾಲದಂತೆ. ಮಾನ್ಯತೆ ಪಡೆದ ಅನುವಾದಕರೇ ಬೇಕು. ಪಿಕರಿಂಗಿನಲ್ಲಿ ಸಿಕ್ಕರು, ದೊಡ್ಡಯ್ಯನವರು. ಮೈಸೂರಿನವರು, ನಿವೃತ್ತರು, ಇಸ್ತ್ರಿ ಮಾಡಿದ ಕನ್ನಡ. ಸೋಮವಾರ ಕೆಲಸಕ್ಕೆ ಹೋಗುವಾಗ ಪುಟಗಳ ನಕಲು ಕೊಟ್ಟಿದ್ದೆ. ಇವತ್ತು ಫೋನ್.

"ನಿಜಗುಣ ಅವರೇ, ಒಂದು ಸಂದೇಹ. 'ನನಗೆ ಗೊತ್ತಾದದ್ದು ಫ್ರೀಜರಿನಿಂದಲೇ' ಅಂತಿದೆ. ಇದನ್ನ ಹಾಗೇ ಇಡ್ಲಾ, ಸ್ವಲ್ಪ ಮರ್ಯಾದೆಯಾಗಿ ಬರೀಲಾ?"

"ಹಂಗ ಇಡ್ರಿ ಸರ್. ಮರ್ಯಾದಿ ಹೆಚ್ಚಾದ್ರ ಸರ್ಟಿಫಿಕೇಟ್ ಸಿಗೂದಿಲ್ಲ."

"ಸರಿ ಸರಿ." ಪುಟ ಮಗುಚಿದ ಸದ್ದು. "ಬೇಜಾರು ಮಾಡ್ಕೋಬೇಡಿ. ನಮ್ಮ ಮನೇಲೂ ಹೀಗೇ. ನಾನು ಬರೆದಿಟ್ಟಿಲ್ಲ, ಅಷ್ಟೆ."

ಸಂಜೆ ಎಲ್ಲ ಸ್ಕ್ಯಾನ್ ಮಾಡಿ ಕಳಿಸಿದೆವು. ಕಳಿಸುವ ಬಟನ್ ಒತ್ತಿದ್ದು ಅರುಂಧತಿ. ನಾನು ಮೌಸಿನ ಹತ್ತಿರವೂ ಹೋಗಲಿಲ್ಲ. ಹಿಡಿತ ಸಾಬೀತಾಗಲಿ.

ಏಪ್ರಿಲ್ 24, ಗುರುವಾರ

ಎರಡು ವಾರ ಬರೆದಿಲ್ಲ. ಓದುಗರಿದ್ದಾರೆ ಎಂದು ಗೊತ್ತಾದಮೇಲೆ ಕೈ ಓಡುತ್ತಿಲ್ಲ. ವೈಪರ್ ಬದಲಿಸಿದ್ದನ್ನು ಬರೆಯಲೂ ಸಂಕೋಚ. ಕೂದಲು ಬಾಚಿಕೊಂಡು ಕೂತು ಬರೆಯುತ್ತಿದ್ದೇನೆ.

ಕೌನ್ಸಿಲಿನಿಂದ ಸುದ್ದಿ ಇಲ್ಲ. ಪಟ್ಟಿ ಮುಗಿಯಲು ಆರು ದಿನ. ಯೂನಿಟ್ಟಿನ ಮಾಲೀಕ ಲೀಸಿನ ಬಗ್ಗೆ ಎರಡು ಸಲ ಫೋನ್ ಮಾಡಿದನಂತೆ. ಇದು ನನಗೆ ಹೇಳಿದ್ದು ಪಾರ್ವತೆವ್ವ. "ಅಕಿ ಊಟ ಸರಿ ಮಾಡವಲ್ಲಳು, ತಮ್ಮಾ. ನಿನ್ನೆ ರೊಟ್ಟಿ ಹೊತ್ತಿಸಿದ್ಲು. ಅಕಿ. ರೊಟ್ಟಿ." ಕೊನೆಯ ಎರಡು ಮಾತು, ಎರಡು ಸಾವಿನ ಸುದ್ದಿಯಂತೆ.

ಏಪ್ರಿಲ್ 29, ಮಂಗಳವಾರ. ಸಂಜೆ 4:20

ಬಂತು.

ಸರ್ಟಿಫಿಕೇಟ್. ಒಂದು ವರ್ಷಕ್ಕೆ. ಜೊತೆಗೆ ಫಿಯೋನಾ ಅವರ ನಾಲ್ಕು ಸಾಲು: ಒದಗಿಸಿದ ದಾಖಲೆಗಳಿಂದ ಗಂಡನ ಪಾತ್ರ ಸ್ಪಷ್ಟವಾಗಿದೆ. ಇಷ್ಟು ಸ್ಪಷ್ಟವಾದ ಕಡತವನ್ನು ಸಮಿತಿ ಈ ಹಿಂದೆ ನೋಡಿರಲಿಲ್ಲ.

ಕೆಲಸದ ಮಧ್ಯೆ ಫೋನಿನಲ್ಲಿ ಓದಿದೆ. ಪಕ್ಕದ ಟೇಬಲ್ಲಿನವನು ಪ್ರಮೋಷನ್ನೇ ಎಂದು ಕೇಳಿದ. ಅಲ್ಲ, ನಾನು ಯಾವುದರಲ್ಲೂ ಇಲ್ಲ ಎಂದು ಅಧಿಕೃತವಾಗಿ ಒಪ್ಪಿದ್ದಾರೆ ಎಂದೆ. ಅಭಿನಂದಿಸಿದ.

ಅರುಂಧತಿಗೆ ಫೋನ್ ಮಾಡಿದೆ. ಮೂಗು ಒರೆಸಿದ ಸದ್ದು. ಹಿಂದೆ ಪಾರ್ವತೆವ್ವ ರೊಟ್ಟಿ ಬಡಿಯುತ್ತಿದ್ದರು, ಎಂದಿಗಿಂತ ಜೋರಾಗಿ.

ಮೇ 2, ಶುಕ್ರವಾರ

ರಜೆ ಹಾಕಿದ್ದೆ. ಯೂನಿಟ್ಟಿನಲ್ಲಿದ್ದೆ. ಕೇಟರಿಂಗ್ ಕಂಪನಿಯ ಖರೀದಿ ನೋಡುವ ಬೈಯರ್ ಫೋನ್ ಮಾಡಿದಳು. ಎರಡು ಸಾವಿರ ರೊಟ್ಟಿ ಖಚಿತ, ಮೇ ಕೊನೆಯ ವಾರದಿಂದ. ಇನ್ನೊಂದು ಮಾತು: ಕೈಯಲ್ಲಿ ಬಡಿಯುವ ಬದಲು ಮಷಿನ್ ಹಾಕಿ ಎಲ್ಲ ಒಂದೇ ಅಳತೆಗೆ ಮಾಡಬಹುದೇ?

ಅರುಂಧತಿ ಬಾಯಿ ತೆರೆದಳು. "ಐ ವಿಲ್ ಆಸ್ಕ್ ಮೈ—"

ನಿಂತಳು. ನಾನು ಹಿಟ್ಟಿನ ಚೀಲದ ಮೇಲೆ ಕೂತಿದ್ದೆ. ಪಾರ್ವತೆವ್ವನ ಕೈ ಗಾಳಿಯಲ್ಲಿ ನಿಂತಿತ್ತು.

"ನೋ," ಎಂದಳು ಅರುಂಧತಿ. "ಹ್ಯಾಂಡ್‌ಮೇಡ್ ಓನ್ಲಿ."

ಆ ಕಡೆಯವಳು ಸರಿ ಎಂದು ಮುಂದಿನ ವಿಷಯಕ್ಕೆ ಹೋದಳು. ಅಷ್ಟೇ.

ಫೋನ್ ಇಟ್ಟಮೇಲೂ ಅದನ್ನೇ ನೋಡುತ್ತಾ ನಿಂತಿದ್ದಳು. "ಬೇಜಾರ ಆಗ್ಲೇ ಇಲ್ಲಲ್ಲರೀ ಅಕಿಗಿ."

"ನನ್ನ ಕೇಳಿದ್ರ ನಾನೂ ಒಲ್ಲೆ ಅಂತಿದ್ದೆ," ಎಂದೆ.

"ಗೊತ್ತೈತಿ. ನಲವತ್ತೊಂದು ಸಲ ಅಂದೀರಿ."

ಮೇ 10, ಶನಿವಾರ. ಸಂಜೆ

ವ್ಯಾನ್ ತೊಳೆಯುತ್ತಿದ್ದೆ. ಅರುಂಧತಿ ಹೊರಗೆ ಬಂದಳು. ಕೈ ಒರೆಸಿಕೊಂಡು ಮನೆ ಮುಂದಿನ ಮೆಟ್ಟಿಲ ಮೇಲೆ ಕೂತಳು. ಕೂರುವವಳಲ್ಲ. ಪೈಪು ಬಂದ್ ಮಾಡಿದೆ.

ಮಾಲೀಕ ಲೀಸನ್ನು ಐದು ವರ್ಷಕ್ಕೆ ಕೊಡುತ್ತಾನಂತೆ. ಪಕ್ಕದ ಯೂನಿಟ್ಟೂ ಖಾಲಿಯಾಗುತ್ತಿದೆ, ಬೇಕಿದ್ದರೆ ಎರಡನ್ನೂ. ಗುರುವಾರದೊಳಗೆ ಹೇಳಬೇಕು. ಇದನ್ನು ನನಗೆ ಹೇಳಿದ್ದು ಯೂನಿಟ್ಟಲ್ಲ, ಪಾರ್ವತೆವ್ವನೂ ಅಲ್ಲ, ಅವಳೇ.

"ನನಗ ಧೈರ್ಯ ಸಾಲವಲ್ದು," ಎಂದಳು. "ಎರಡೂ ಹಿಡೀಲೋ, ಒಂದ ಸಾಕೋ. ಏನ್ ಮಾಡೂಣು? ನೀವು ಹೇಳ್ರಿ."

ಎದುರಿನ ಮನೆಯವನು ಹುಲ್ಲು ಕತ್ತರಿಸುತ್ತಿದ್ದ. ಅವನೂ ಅದೇ ಹೊತ್ತಿಗೆ ಯಂತ್ರ ನಿಲ್ಲಿಸಿದ. ನನ್ನನ್ನು ಒಬ್ಬರು ಕೇಳುತ್ತಿದ್ದರು. ಒಲ್ಲೆ ಅನ್ನುವುದಕ್ಕಲ್ಲ, ಕೇಳುವುದಕ್ಕೇ. ಬಾಯಿಗೆ ಬಂದದ್ದು ಒಂದೇ ವಾಕ್ಯ.

"ಕೇಳಿ ಹೇಳ್ತೇನಿ."

"ಯಾರನ್ನ?"

ನಾನು ಕೈಯಲ್ಲಿದ್ದ ಪೈಪು ನೋಡಿದೆ. ಅವಳು ಒಂದು ಗಳಿಗೆ ನೋಡಿ, ನಕ್ಕು, ಒಳಗೆ ಹೋದಳು. ಬೇಡ ಅಂದೆ ಅಂದುಕೊಂಡಳೋ ಏನೋ. ಆ ಮಾತಿಗೆ ಅವಳ ನಿಘಂಟಿನಲ್ಲಿ ಬೇರೆ ಅರ್ಥವೇ ಇಲ್ಲವಲ್ಲ. ಅದಕ್ಕೇ ಕೈ ಒದ್ದೆ ಇರುವಾಗಲೇ ಬಂದು ಬರೆಯುತ್ತಿದ್ದೇನೆ.

ನಾನು ಬೇಡ ಅಂದಿಲ್ಲ. ಎರಡೂ ಹಿಡಿಯೋಣ. ಕರಿಬೇವಿನ ವಾಸನೆ ಬರುತ್ತಿದೆ, ಊಟಕ್ಕೆ ಕರೆಯುವ ಹೊತ್ತು. ರೊಟ್ಟಿ ಕಾಯುವಾಗ ಈ ಪುಟ ಓದುವವರಲ್ಲಿ ಒಂದೇ ಕೋರಿಕೆ. ಬೆರಳು ಒರೆಸಿಕೊಂಡು ಪುಟ ಮುಚ್ಚಿ, ಏನೂ ಓದಿಲ್ಲವೆಂಬಂತೆ ಬಂದು ಕೂತು, ಆ ಪ್ರಶ್ನೆಯನ್ನು ನನಗೆ ಇನ್ನೊಂದು ಸಲ ಕೇಳಿ. ಈ ಸಲ ನಾನು— ಊಟಕ್ಕೆ ಕರೆದಳು.